ಹದಿಮೂರರ ದಾರಿ ಕಾದ ಹದಿನಾಲ್ಕನೆಯ ಚೀಟಿ

ಕೈಪಿಡಿ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ತಿಳಿದುಕೊಳ್ಳಬೇಕಾದ ಮಾತೊಂದಿದೆ. ನೀವು ಬರೆದದ್ದನ್ನು ಸುಖವಾಗಿರುವವರು ಯಾರೂ ಓದುವುದಿಲ್ಲ. ಯಂತ್ರ ಕೈಕೊಟ್ಟಾಗ, ಮೇಲಿನವರು ಬೈದಾಗ, ಡಬ್ಬಿಯ ಊಟ ತಣ್ಣಗಾಗುತ್ತಿರುವಾಗ ಮಾತ್ರ ನಿಮ್ಮ ಪುಸ್ತಕ ತೆರೆಯುತ್ತಾರೆ. ಬೇಕಾದ ಒಂದು ಸಾಲು ಹುಡುಕಿ, ಅದನ್ನು ನಂಬಿ, ಅದರಂತೆ ಮಾಡಿ, ಪುಸ್ತಕ ಮುಚ್ಚುತ್ತಾರೆ. ಆ ಒಂದು ಸಾಲು ನಿಜವಾಗಿರಬೇಕು. ನನ್ನ ಇಪ್ಪತ್ತೆರಡು ವರ್ಷದ ದುಡಿಮೆಯೆಲ್ಲ ಇಷ್ಟೇ. ನಾನು ಬರೆದ ಸಾವಿರಾರು ಸಾಲುಗಳಲ್ಲಿ ಒಂದು ಸಾಲು ಸುಳ್ಳಾಗಿ, ಒಬ್ಬ ಹುಡುಗಿಯ ನೌಕರಿ ಹೋಗುವುದರಲ್ಲಿತ್ತು. ಅದನ್ನೂ ಇಲ್ಲಿ ಬರೆಯುತ್ತೇನೆ. ಮುಚ್ಚಿಟ್ಟರೆ ನನ್ನ ಜಂಬಕ್ಕೆ ಬೆಲೆ ಇರುವುದಿಲ್ಲ.

ಹೌದು, ಜಂಬ ಇದೆ. ಮನೆಯಲ್ಲಿ ಹೆಂಡತಿ ಗಿರಿಜಾ ದಿನಕ್ಕೆರಡು ಬಾರಿ ಅದನ್ನು ಇಳಿಸಲು ನೋಡುತ್ತಾಳೆ. ಇಳಿದಿಲ್ಲ.

ನಾನು ಗದಗ ಜಿಲ್ಲೆಯ ರೋಣದ ಕಡೆಯವನು. ಸಮುದ್ರ ನೋಡಿದ್ದೇ ನೌಕಾಪಡೆ ಸೇರಿದ ಮೇಲೆ. ಹಡಗು, ಫಿರಂಗಿ ಎಂದು ಕನಸು ಕಟ್ಟಿಕೊಂಡು ಬಂದವನಿಗೆ ವಿಶಾಖಪಟ್ಟಣದಲ್ಲಿ ಸಿಕ್ಕಿದ್ದು ಪುಸ್ತಕದ ಕೋಣೆ. ಪಂಪಿನ ಪುಸ್ತಕ, ರೇಡಿಯೊ ಪುಸ್ತಕ, ಎಂಜಿನ್ನಿನ ಪುಸ್ತಕ, ನೆಲದಿಂದ ಸೂರಿನವರೆಗೆ ಅವೇ. ಪ್ರತಿ ಪುಸ್ತಕಕ್ಕೂ ಆಗಾಗ ತಿದ್ದುಪಡಿಯ ಚೀಟಿಗಳು ಬರುತ್ತಿದ್ದವು. ಪ್ರತಿ ಚೀಟಿಗೂ ಕ್ರಮಸಂಖ್ಯೆ. ಚೀಟಿಯನ್ನು ಕತ್ತರಿಸಿ, ಹಳೆಯ ಸಾಲಿನ ಮೇಲೆ ಅಂಟಿಸಿ, ಮೊದಲ ಪುಟದ ಪಟ್ಟಿಯಲ್ಲಿ ತಾರೀಕು ಬರೆದು ಸಹಿ ಹಾಕಬೇಕು. ಐದನೆಯದು ಬಾರದೆ ಆರನೆಯದನ್ನು ಅಂಟಿಸುವ ಹಾಗಿಲ್ಲ. ಐದನೆಯದು ಬದಲಿಸಿದ ಸಾಲನ್ನೇ ಆರನೆಯದು ಮತ್ತೆ ಬದಲಿಸಿರಬಹುದಲ್ಲ!

ಆ ಕೋಣೆಯ ಯಜಮಾನ ಒಬ್ಬ ಮಲಯಾಳಿ ಚೀಫ್. ಬೆಳಗ್ಗೆ ಎಂಟಕ್ಕೆ ಬಂದು ಮೊದಲು ಗೋಂದಿನ ಬಾಟಲಿಯ ಮುಚ್ಚಳ ಸರಿಯಾಗಿ ಹಾಕಿದೆಯೇ ಎಂದು ನೋಡುವ ಮನುಷ್ಯ. ಒಮ್ಮೆ ನಾನು ಅವಸರದಲ್ಲಿ ಐದು ಬಿಟ್ಟು ಆರು ಅಂಟಿಸಿಬಿಟ್ಟೆ. ಆತ ಬೈಯಲಿಲ್ಲ. ಕೆಟಲಿನಲ್ಲಿ ನೀರು ಕಾಯಿಸಿ, ಹಬೆ ಹಿಡಿದು, ಬ್ಲೇಡಿನಿಂದ ಹರಿಯದ ಹಾಗೆ ಆ ಚೀಟಿಯನ್ನು ಬಿಡಿಸಲು ಹೇಳಿದ. ಮೂರು ತಾಸು ಹಿಡಿಯಿತು. ಅಂದಿನಿಂದ ಹದಿನೇಳು ವರ್ಷ ಕ್ರಮ ತಪ್ಪಿಸಲಿಲ್ಲ.

ನೌಕಾಪಡೆಯಿಂದ ಬಿಡುಗಡೆಯಾಗಿ ಬಂದಾಗ ಜೊತೆಯವರೆಲ್ಲ ಊರ ದಾರಿ ಹಿಡಿದರು. ಮಗಳ ಶಾಲೆ ಇಲ್ಲಿಯೇ ಇತ್ತು, ಅವಳ ಬಾಯಲ್ಲಿ ಆಗಲೇ ಕನ್ನಡಕ್ಕಿಂತ ತೆಲುಗು ಸಲೀಸು. ಹೀಗಾಗಿ ನಾನು ವಿಶಾಖಪಟ್ಟಣದಲ್ಲೇ ಉಳಿದೆ. ಬೆಟ್ಟದ ಬದಿಯಲ್ಲಿ ಒಂದು ಸಣ್ಣ ಕಂಪನಿ ಕಂಪೈಲರ್ ತಯಾರಿಸುತ್ತಿತ್ತು. ‘ದಾಖಲೆ ನೋಡಿಕೊಳ್ಳಲು ಶಿಸ್ತಿನ ಮನುಷ್ಯ ಬೇಕು’ ಎಂದಿದ್ದರು. ಶಿಸ್ತು ಇತ್ತು. ಕಂಪೈಲರ್ ಎಂದರೇನೆಂದು ಗೊತ್ತಿರಲಿಲ್ಲ.

ನನಗೆ ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ. ಮನುಷ್ಯರು ಅಕ್ಷರದಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ಆದೇಶಗಳಾಗಿ ಬದಲಿಸುವ ಸಾಧನ ಕಂಪೈಲರ್. ಇದು ಒಂದೇ ಏಟಿಗೆ ಆಗುವುದಿಲ್ಲ. ಹತ್ತಾರು ಹಂತಗಳಿವೆ. ಒಂದು ಹಂತ ಬೇಡದ್ದನ್ನು ತೆಗೆಯುತ್ತದೆ, ಇನ್ನೊಂದು ಹಿಂದು ಮುಂದು ಜೋಡಿಸುತ್ತದೆ. ಕೊನೆಗೆ ಬಂದದ್ದು ತಪ್ಪಾಗಿದ್ದರೆ ಯಾವ ಹಂತದಲ್ಲಿ ಕೆಟ್ಟಿತು ಎಂದು ಹುಡುಕಬೇಕು. ಅದಕ್ಕಾಗಿ ಕೆಲವು ಆಪ್ಷನ್‌ಗಳಿರುತ್ತವೆ. ಅವನ್ನು ಹಾಕಿದರೆ ಕಂಪೈಲರ್ ಪ್ರತಿ ಹಂತದಲ್ಲೂ ತನ್ನ ಹೊಟ್ಟೆಯಲ್ಲಿರುವುದನ್ನು ಒಂದೊಂದು ಫೈಲಾಗಿ ಹೊರಗೆ ಬರೆದಿಡುತ್ತದೆ. ನಾವು ಅವನ್ನು ಡಂಪ್ ಆಪ್ಷನ್ ಎನ್ನುತ್ತಿದ್ದೆವು. ಆ ಆಪ್ಷನ್‌ಗಳ ಅಧ್ಯಾಯವೇ ನನ್ನ ಪಾಲಿಗೆ ಬಂದದ್ದು. ಯಾವುದು ಏನು ಬರೆಯುತ್ತದೆ, ಎಲ್ಲಿ ಬರೆಯುತ್ತದೆ, ಎಷ್ಟು ವಿವರವಾಗಿ ಬರೆಯುತ್ತದೆ ಎಂಬುದನ್ನು ಹೊಸ ಆವೃತ್ತಿ ಬಂದಾಗಲೆಲ್ಲ ತಿದ್ದುವುದು ನನ್ನ ಕೆಲಸ.

ನನ್ನ ಮೇಲಧಿಕಾರಿ ಸುಭದ್ರಾ ಗಾರು. ಕಂಪೈಲರಿನ ಅರ್ಧ ಭಾಗವನ್ನು ಸ್ವತಃ ಬರೆದ ಹೆಂಗಸು. ಮೊದಲ ದಿನವೇ ಆ ಅಧ್ಯಾಯದ ಪ್ರತಿಯನ್ನು ನನ್ನ ಮುಂದೆ ಇಟ್ಟು, “ಬಸವರಾಜ್ ಗಾರು, ಇದನ್ನು ಎಂಜಿನಿಯರುಗಳು ಬರೆದದ್ದು. ಅವರಿಗೆ ಮಾತ್ರ ತಿಳಿಯುತ್ತದೆ. ಅವರು ಇದನ್ನು ಓದುವುದಿಲ್ಲ,” ಎಂದರು. ನಮ್ಮ ಮಾತೆಲ್ಲ ತೆಲುಗಿನಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ‘ಗಾರು’ ಎಂದರೆ ನಮ್ಮ ‘ಅವರು’, ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದು ಭಾಷೆ ತಿದ್ದುವ ಕೆಲಸ. ಉದ್ದದ ವಾಕ್ಯ ಒಡೆದೆ, ಗೊಂದಲದ ಮಾತು ತೆಗೆದೆ. ನೋಡಲು ಚೆಂದವಾಯಿತು. ಅಷ್ಟಕ್ಕೇ ಬೀಗಿದೆ. ವಿಜಯವಾಡದ ಒನ್ ಟೌನಿನಿಂದ ಫೋನು ಬರುವವರೆಗೆ ಆ ಹಮ್ಮು ಇತ್ತು.

ಒನ್ ಟೌನಿನ ಸಗಟು ಅಂಗಡಿಗಳ ನಡುವೆ, ಮೆಣಸಿನಕಾಯಿ ಘಾಟಿಗೆ ಕಣ್ಣು ಉರಿಯುವ ಒಂದು ಓಣಿಯಲ್ಲಿ, ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುವ ಸಣ್ಣ ಕಾರ್ಖಾನೆ ಇತ್ತು. ಯಜಮಾನರು ನಮ್ಮ ಕಂಪೈಲರ್ ಬಳಸುತ್ತಿದ್ದರು. ನನ್ನ ಅಧ್ಯಾಯದಲ್ಲಿ ಒಂದು ಆಪ್ಷನ್ ‘ಪರದೆಯ ಮೇಲೆ ತೋರಿಸುತ್ತದೆ’ ಎಂದಿತ್ತು. ಅವರು ಎರಡು ದಿನ ಖಾಲಿ ಪರದೆ ನೋಡುತ್ತ ಕೂತಿದ್ದಾರೆ. ನನ್ನನ್ನೇ ಕಳಿಸಿದರು. ಹೋಗಿ ನೋಡಿದರೆ ಅದು ಪರದೆಗೆ ಬರೆಯುವುದನ್ನು ಬಿಟ್ಟು ಯಾವುದೋ ಕಾಲವಾಗಿತ್ತು. ಅವರ ಫೋಲ್ಡರಿನಲ್ಲಿ ಇಪ್ಪತ್ತು ಫೈಲು ಸದ್ದಿಲ್ಲದೆ ಬಿದ್ದಿದ್ದವು.

ಯಜಮಾನರು ನನಗೆ ಮಜ್ಜಿಗೆ ಕೊಟ್ಟು ಕೇಳಿದರು: “ನೀವು ಇದನ್ನು ಒಮ್ಮೆ ಮಾಡಿ ನೋಡಿ ಬರೆದಿರಾ?”

“ಇಲ್ಲ,” ಎಂದೆ.

“ನಾನು ತೂಗಿ ನೋಡದೆ ಒಂದು ತಕ್ಕಡಿಯನ್ನೂ ಹೊರಗೆ ಕಳಿಸುವುದಿಲ್ಲ,” ಎಂದರು. ಅಷ್ಟೇ. ಅರ್ಧ ಕುಡಿದ ಮಜ್ಜಿಗೆಯ ಲೋಟ ಕೆಳಗಿಟ್ಟೆ.

ವಾಪಸು ಬಂದವನೇ ಒಬ್ಬ ಎಂಜಿನಿಯರಿನ ಪಕ್ಕ ಕೂತು ಕಂಪೈಲರ್ ಓಡಿಸುವುದನ್ನು ಕಲಿತೆ. ನಲವತ್ತು ದಾಟಿದ ಬೆರಳುಗಳು, ಕೀಲಿ ಹುಡುಕಿ ಹುಡುಕಿ ಒತ್ತುವುದು. ಅಂದಿನಿಂದ ನನ್ನದೊಂದು ನಿಯಮ: ಓಡಿಸಿ ನೋಡದ ಸಾಲು ಪುಸ್ತಕಕ್ಕೆ ಹೋಗುವುದಿಲ್ಲ. ಪ್ರತಿ ಆಪ್ಷನ್ನಿನ ಎದುರು ನಾನು ಓಡಿಸಿದ ತಾರೀಕು. ಹೀಗೆ ಓಡಿಸುತ್ತ ಹೋದಾಗ ಆ ಅಧ್ಯಾಯದಲ್ಲಿ ಸಿಕ್ಕ ಸುಳ್ಳುಗಳನ್ನು ನೋಡಿ ಸುಭದ್ರಾ ಗಾರು ತಲೆ ಮೇಲೆ ಕೈ ಹೊತ್ತರು. ಒಂದು ಆಪ್ಷನ್ ಕಂಪೈಲರಿನಲ್ಲೇ ಇರಲಿಲ್ಲ. ಅದನ್ನು ತೆಗೆದುಹಾಕಿದ ಎಂಜಿನಿಯರು ಮದುವೆಯಾಗಿ, ಎರಡು ಮಕ್ಕಳ ತಂದೆಯಾಗಿ, ಕೆಲಸವನ್ನೂ ಬಿಟ್ಟು ಹೋಗಿದ್ದ. ಪುಸ್ತಕದಲ್ಲಿ ಅದು ಇನ್ನೂ ಗಟ್ಟಿಮುಟ್ಟಾಗಿ ಬದುಕಿತ್ತು.

ಇಲ್ಲಿಂದ ನನಗೆ ಎರಡನೆಯ ಪಾಠ ತಿಳಿಯಿತು. ಎಂಜಿನಿಯರುಗಳು ಕೆಟ್ಟವರಲ್ಲ, ಆದರೆ ಬದಲಾವಣೆ ಮಾಡಿ ಬರೆಯುವವನಿಗೆ ಹೇಳುವುದಿಲ್ಲ. ನಾಳೆ ಹೇಳುತ್ತೇನೆ ಎನ್ನುತ್ತಾರೆ. ಹಾಗಾಗಿ ನೌಕಾಪಡೆಯ ಚೀಟಿಯನ್ನೇ ಇಲ್ಲಿಗೆ ತಂದೆ. ಡಂಪ್ ಆಪ್ಷನ್ನಿನ ಮೇಲೆ ಕೈ ಇಡುವ ಯಾರೇ ಆಗಲಿ, ಮೊದಲು ನನ್ನ ರಿಜಿಸ್ಟರಿನಲ್ಲಿ ಒಂದು ಕ್ರಮಸಂಖ್ಯೆ ಪಡೆಯಬೇಕು. ಬದಲಾವಣೆ ಮುಗಿದ ಮೇಲೆ ಚೀಟಿ ತುಂಬಿ ಕೊಡಬೇಕು. ನಾನು ಓಡಿಸಿ ನೋಡಿ, ಪುಸ್ತಕ ತಿದ್ದಿ, ಸಹಿ ಹಾಕುತ್ತೇನೆ. ಹೊಸ ಆವೃತ್ತಿ ಶುರುವಾದಾಗ ಮತ್ತೆ ಒಂದರಿಂದ ಎಣಿಕೆ.

ಹುಡುಗರು ನಕ್ಕರು. ‘ನೇವಿ ತಾತ’ ಎಂದು ಹೆಸರಿಟ್ಟರು. ಚೀಟಿ ಕೊಡದವರ ಮೇಜಿನ ಪಕ್ಕ ನಾನು ಸುಮ್ಮನೆ ಹೋಗಿ ನಿಲ್ಲುತ್ತಿದ್ದೆ. ಏನೂ ಮಾತಾಡುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಚೀಟಿ ಕೈಗೆ ಬರುತ್ತಿತ್ತು. ಪುಸ್ತಕವು ಅಚ್ಚಿನಿಂದ ಸಿಡಿಗೆ, ಸಿಡಿಯಿಂದ ವೆಬ್‌ಸೈಟಿಗೆ ಹೋಯಿತು. ಗೋಂದು, ಕತ್ತರಿ ಯಾವುದೂ ಇರಲಿಲ್ಲ, ಆದರೂ ನಾನು ‘ಅಂಟಿಸುವುದು’ ಎಂದೇ ಹೇಳುತ್ತಿದ್ದೆ. ಚೀಟಿ ಮಾತ್ರ ಹೋಗಲಿಲ್ಲ. ನಮ್ಮ ಕೈಪಿಡಿಯಲ್ಲಿ ಆ ಒಂದು ಅಧ್ಯಾಯವನ್ನು ಕಣ್ಣು ಮುಚ್ಚಿ ನಂಬಬಹುದು ಎಂದು ವಿಜಯವಾಡದ ನಮ್ಮ ಸಹಾಯ ಕಚೇರಿಯವರು ಗ್ರಾಹಕರಿಗೆ ಹೇಳುತ್ತಿದ್ದರಂತೆ. ಆ ಮಾತು ಕೇಳಿದ ದಿನ ಗಿರಿಜಾಳಿಗೆ ಮೂರು ಸಲ ಹೇಳಿದೆ.

ಆ ಸಹಾಯ ಕಚೇರಿಗೆ ಚೈತ್ರಾ ಎಂಬ ಹುಡುಗಿ ಸೇರಿದ್ದು ನನ್ನ ನಿವೃತ್ತಿಗೆ ಒಂದೂವರೆ ವರ್ಷ ಇರುವಾಗ. ಗ್ರಾಹಕರು ಫೋನು ಮಾಡಿ ಕೇಳಿದ್ದಕ್ಕೆ ಉತ್ತರಿಸುವ ಕೆಲಸ. ಅವಳ ತಂದೆ ತುಮಕೂರಿನವರು, ಬ್ಯಾಂಕಿನಲ್ಲಿ ವರ್ಗವಾಗಿ ಬಂದು ಭವಾನಿಪುರಂನಲ್ಲಿ ಮನೆ ಮಾಡಿ ಅಲ್ಲೇ ನೆಲೆಸಿದವರು. ಮೊದಲ ಬಾರಿ ಯಾವುದೋ ಸಾಲಿನ ಬಗ್ಗೆ ಕೇಳಲು ಫೋನು ಮಾಡಿದಾಗ ನನ್ನ ತೆಲುಗು ಕೇಳಿಯೇ ಗುರುತು ಹಿಡಿದಳು.

“ಸರ್, ನೀವು ಕನ್ನಡದವರಾ?”

“ಹೌದವಾ. ನನ್ನ ತೆಲುಗು ಅಷ್ಟು ಛಂದ ಐತಿ ಏನು?”

ಅವಳು ನಕ್ಕಳು. ಅಂದಿನಿಂದ ನಾನು ಅಂಕಲ್. ಅವಳ ಕನ್ನಡದಲ್ಲಿ ತೆಲುಗು ನುಸುಳುತ್ತಿತ್ತು, ನನ್ನ ಧಾರವಾಡದ ಕಡೆಯ ಮಾತು ಅವಳಿಗೆ ಅರ್ಧ ಅರ್ಥವಾಗುತ್ತಿತ್ತು. ಆದರೂ ವಾರಕ್ಕೊಮ್ಮೆ ಮಾತು ನಡೆಯುತ್ತಿತ್ತು. ಅವಳಿನ್ನೂ ಪ್ರೊಬೇಷನ್‌ನಲ್ಲಿದ್ದಳು. ಒಂದು ವರ್ಷ ಮುಗಿದ ಮೇಲೆ ಕಾಯಂ ಮಾಡುವುದು, ಇಲ್ಲವೇ ಮನೆಗೆ ಕಳಿಸುವುದು.

ಈಗ ಆ ಚೀಟಿಯ ವಿಷಯ.

ಆ ಆವೃತ್ತಿಯಲ್ಲಿ ಹದಿಮೂರನೆಯ ಸಂಖ್ಯೆ ಪಡೆದ ಎಂಜಿನಿಯರ್ ಚೀಟಿ ಕೊಡುವ ಮೊದಲೇ ತಂಗಿಯ ಮದುವೆಗೆಂದು ರಜೆ ಹೋದ. ಹದಿನಾಲ್ಕು ಪಡೆದವನು ಮಾತ್ರ ಸಮಯಕ್ಕೆ ಸರಿಯಾಗಿ ತಂದು ಕೊಟ್ಟ. ಅದರಲ್ಲಿದ್ದದ್ದು ಇಷ್ಟು: ‘ಎಲ್ಲ ಡಂಪ್ ಫೈಲುಗಳನ್ನು ಒಂದೇ ಫೋಲ್ಡರಿಗೆ ಹಾಕುವ ಆಪ್ಷನ್ ಇನ್ನು ಮುಂದೆ ಮೊದಲು ಆ ಫೋಲ್ಡರನ್ನು ಖಾಲಿ ಮಾಡುತ್ತದೆ.’ ಹಳೆಯ ಫೈಲು ಹೊಸ ಫೈಲು ಬೆರೆತು ಗೊಂದಲವಾಗದಿರಲಿ ಎಂಬ ಒಳ್ಳೆಯ ಉದ್ದೇಶ. ನಾನು ಓಡಿಸಿ ನೋಡಿದೆ. ಖಾಲಿ ಮಾಡಿತು. ಚೀಟಿಗೆ ‘ಪರೀಕ್ಷಿಸಿದೆ’ ಎಂದು ಬರೆದೆ.

ಬರೆದು ಮೇಜಿನ ಮೇಲಿನ ಟ್ರೇಯಲ್ಲಿಟ್ಟೆ. ಹದಿಮೂರು ಬಂದಿರಲಿಲ್ಲವಲ್ಲ.

ಅಷ್ಟರಲ್ಲಿ ಆವೃತ್ತಿ ಹೊರಬೀಳುವ ದಿನ ಬಂತು. ಪುಸ್ತಕದ ಮೊದಲ ಪುಟದಲ್ಲಿ ‘ಹನ್ನೆರಡನೆಯ ತಿದ್ದುಪಡಿಯವರೆಗೆ’ ಎಂದು ಅಚ್ಚುಕಟ್ಟಾಗಿ ನಮೂದಿಸಿ ಕಳಿಸಿದೆ. ನನ್ನ ಲೆಕ್ಕದಲ್ಲಿ ಅದು ಪೂರಾ ಪ್ರಾಮಾಣಿಕ. ಆ ಪುಟವನ್ನು ಜಗತ್ತಿನಲ್ಲಿ ನನ್ನ ಹೊರತು ಯಾರೂ ಓದುವುದಿಲ್ಲ ಎಂಬುದು ತಲೆಗೆ ಹೋಗಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಂಪೈಲರ್ ಫೋಲ್ಡರ್ ಖಾಲಿ ಮಾಡುತ್ತಿತ್ತು. ನನ್ನ ಪುಸ್ತಕ ‘ಅಲ್ಲಿರುವ ಬೇರೆ ಫೈಲುಗಳನ್ನು ಮುಟ್ಟುವುದಿಲ್ಲ’ ಎಂದು ಹೇಳುತ್ತಲೇ ಇತ್ತು.

ಅಚ್ಯುತಾಪುರಂನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಯಂತ್ರ ನಡುನಡುವೆ ಕಾರಣವಿಲ್ಲದೆ ನಿಲ್ಲುತ್ತಿತ್ತು. ಅಲ್ಲಿನ ಎಂಜಿನಿಯರ್ ಶ್ರೀನಿವಾಸ್ ತಾಳ್ಮೆಯ ಮನುಷ್ಯ. ಹನ್ನೊಂದು ದಿನ, ದಿನಕ್ಕೊಂದು ಸಣ್ಣ ಬದಲಾವಣೆ ಮಾಡಿ, ಯಾವ ಬದಲಾವಣೆಗೆ ಯಂತ್ರ ಎಷ್ಟು ಹೊತ್ತು ನಡೆಯಿತೆಂದು ಟಿಪ್ಪಣಿ ಬರೆದು, ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಕೂಡಿಟ್ಟಿದ್ದರು. ಆಮೇಲೆ ಡಂಪ್ ಫೈಲುಗಳನ್ನೂ ಅಲ್ಲೇ ಹಾಕಬಹುದೇ ಎಂದು ವಿಜಯವಾಡಕ್ಕೆ ಫೋನು ಮಾಡಿದರು. ಫೋನು ಎತ್ತಿದ್ದು ಚೈತ್ರಾ. ಅವಳು ವೆಬ್‌ಸೈಟಿನಲ್ಲಿ ನನ್ನ ಸಾಲು ತೆಗೆದು, ಓದಿ, “ಹಾಕಬಹುದು ಸರ್, ಏನೂ ಆಗುವುದಿಲ್ಲ,” ಎಂದಳು. ಅವರು ಹಾಕಿದರು. ಹನ್ನೊಂದು ದಿನದ ದುಡಿಮೆ ಒಂದು ಕ್ಷಣದಲ್ಲಿ ಮಾಯವಾಯಿತು.

ಇನ್ನೊಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಮುಟ್ಟುವುದಿಲ್ಲ ಎಂದು ಬರೆದುಕೊಟ್ಟವರಿಗೆ ಆ ಪ್ರಶ್ನೆ ಕೇಳುವ ಹಕ್ಕಿಲ್ಲ.

ಇದು ನಡೆದದ್ದು ಗುರುವಾರ. ಸೋಮವಾರ ಮದುವೆ ಮುಗಿಸಿಕೊಂಡು ಬಂದ ಹುಡುಗ ನನಗೆ ಲಾಡು ಮತ್ತು ಹದಿಮೂರನೆಯ ಚೀಟಿ ಎರಡನ್ನೂ ಕೊಟ್ಟ. ಅಚ್ಯುತಾಪುರಂನ ಸುದ್ದಿ ನನಗೆ ತಿಳಿದೇ ಇರಲಿಲ್ಲ. ಹದಿಮೂರು ಅಂಟಿಸಿದೆ, ಹದಿನಾಲ್ಕು ಅಂಟಿಸಿದೆ, ಸಹಿ ಹಾಕಿದೆ. ವೆಬ್‌ಸೈಟಿನಲ್ಲಿ ಆ ಸಾಲು ‘ಫೋಲ್ಡರನ್ನು ಮೊದಲು ಖಾಲಿ ಮಾಡುತ್ತದೆ’ ಎಂದು ಬದಲಾಯಿತು. ಕೆಲಸ ಮುಗಿಯಿತೆಂದು ಲಾಡು ತಿಂದೆ.

ಕಾರ್ಖಾನೆಯವರ ದೂರು ವಿಜಯವಾಡದ ಮ್ಯಾನೇಜರ್ ಪ್ರಸಾದ್ ಗಾರು ಅವರ ಕೈಗೆ ಹೋದದ್ದು ಮಂಗಳವಾರ. ಅವರು ಚೈತ್ರಾಳನ್ನು ಕೇಳಿದರು. ಅವಳು, ಪುಸ್ತಕದಲ್ಲಿದ್ದುದನ್ನೇ ಓದಿ ಹೇಳಿದೆ ಎಂದಳು. ಅವರು ಪುಸ್ತಕ ತೆಗೆದು ನೋಡಿದರು. ಪುಸ್ತಕ ಅದಕ್ಕೆ ಉಲ್ಟಾ ಹೇಳುತ್ತಿತ್ತು.

ಸಂಜೆ ಅವಳ ಫೋನು ಬಂತು.

“ಅಂಕಲ್, ಆ ಫೋಲ್ಡರ್ ಆಪ್ಷನ್ ಪುಟ ಒಂದ್ಸಲ ತೆಗೀತೀರಾ?”

“ತಗದೀನಿ. ಹೇಳವಾ, ಏನಾತು?”

“ಖಾಲಿ ಮಾಡುತ್ತೆ ಅಂತ ಇದೆಯಲ್ಲಾ, ಅದು ಮೊದಲಿಂದ್ಲೂ ಹಾಗೇ ಇತ್ತಾ? ನಾನು ಬಾಯಿಗೆ ಬಂದಿದ್ದು ಹೇಳಿ ಈಗ ಮ್ಯಾನ್ಯುಯಲ್ ಮೇಲೆ ಹಾಕ್ತಿದೀನಿ ಅಂತಾರೆ. ಪ್ರೊಬೇಷನ್ ನಿಲ್ಲಿಸ್ತೀವಿ ಅಂತ ಲೆಟರ್ ರೆಡಿ ಮಾಡ್ತಿದಾರೆ. ನಿಜಂಗಾ ನಾನು ಓದೇ ಹೇಳಿದ್ದು ಅಂಕಲ್. ಈಗ ನನಗೇ ಡೌಟು. ನಾನೇ ತಪ್ಪು ಓದಿದ್ನಾ?”

ರಿಜಿಸ್ಟರ್ ನನ್ನ ಎದುರಿಗೇ ಇತ್ತು. ಹದಿನಾಲ್ಕು, ಚೀಟಿ ಬಂದ ತಾರೀಕು, ಅಂಟಿಸಿದ ತಾರೀಕು. ನಡುವೆ ಹತ್ತೊಂಬತ್ತು ದಿನ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. “ನೋಡಿ ಹೇಳ್ತೇನವಾ,” ಎಂದು ಫೋನು ಇಟ್ಟೆ. ನನ್ನ ಇಪ್ಪತ್ತೆರಡು ವರ್ಷದಲ್ಲಿ ನಾಚಿಕೆ ಪಡುವ ಮಾತೆಂದರೆ ಅದೊಂದೇ. ತಪ್ಪು ಬರೆದದ್ದಕ್ಕೆ ನಾಚಿಕೆಯಿಲ್ಲ, ಕೆಲಸ ಮಾಡುವವನು ತಪ್ಪುತ್ತಾನೆ. ಒಂದು ಹುಡುಗಿ ತನ್ನ ಕಣ್ಣನ್ನೇ ನಂಬದ ಸ್ಥಿತಿಗೆ ಬಂದು ಕೇಳಿದಾಗ ಉತ್ತರ ನನ್ನ ಬೆರಳ ಕೆಳಗಿತ್ತು, ಬಾಯಿ ಬಿಡಲಿಲ್ಲ.

ಮನೆಗೆ ಹೋದೆ. ಗಿರಿಜಾ ಬಡಿಸಿದ ರೊಟ್ಟಿ ಹಾಗೇ ಇತ್ತು. ಯಾಕೆ ಎಂದು ಕೇಳಿದಳು. ಹೇಳಿದೆ.

“ಆಕಿ ಸುಳ್ಳು ಹೇಳ್ಯಾಳೇನು?” ಎಂದಳು.

“ಇಲ್ಲ.”

“ಮತ್ತ ಇಲ್ಲಿ ಕುಂತು ಏನ್ ಮಾಡಾಕತ್ತೀರಿ?”

ಆಗಲೇ ಚೈತ್ರಾಳಿಗೆ ಫೋನು ಮಾಡಿದೆ. “ನೀ ಓದಿದ್ದು ಖರೇ ಐತಿ. ಗುರುವಾರ ಹಂಗ ಇತ್ತು. ಸೋಮವಾರ ನಾನಽ ಬದಲಾ ಮಾಡೀನಿ. ನಾಳೆ ಬರ್ತೇನಿ.” ಆ ಕಡೆಯಿಂದ ಅಳು ಕೇಳಿಸಿತು. ನನ್ನ ಕಣ್ಣೂ ಒದ್ದೆಯಾಯಿತು, ಬರೆಯಲು ಸಂಕೋಚವೇನಿಲ್ಲ.

ಬೆಳಗ್ಗೆ ಸುಭದ್ರಾ ಗಾರು ಅವರಿಗೆ ತಿಳಿಸಿದಾಗ ಅವರೆಂದರು: “ಈಗ ಪುಟ ಸರಿಯಾಗಿದೆಯಲ್ಲ. ಪ್ರಸಾದ್ ಗಾರು ಅವರಿಗೆ ನಾನು ಫೋನು ಮಾಡಿ ಮೆತ್ತಗೆ ಹೇಳುತ್ತೇನೆ. ನೀವು ನಿವೃತ್ತಿ ಹತ್ತಿರ ಇರುವವರು, ಯಾಕೆ ರಾದ್ಧಾಂತ?”

“ಮೇಡಂ, ಸುಳ್ಳುಗಾತಿ ಎಂದು ಅವಳ ಕಾಗದದಲ್ಲಿ ಗಟ್ಟಿಯಾಗಿ ಬರೆಯುತ್ತಿದ್ದಾರೆ. ಅದಕ್ಕೆ ಮೆತ್ತಗಿನ ಮಾತು ಸಾಲದು,” ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಹೋಗಿ ಬನ್ನಿ ಎಂದರು. ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ. ಆರು ತಾಸಿನ ದಾರಿ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಮತ್ತೆ ಮತ್ತೆ ಆ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ವಿಜಯವಾಡದ ಕಚೇರಿಯಲ್ಲಿ ಪ್ರಸಾದ್ ಗಾರು, ಚೈತ್ರಾ, ಮತ್ತು ಸ್ಪೀಕರ್ ಫೋನಿನಲ್ಲಿ ಕಾರ್ಖಾನೆಯ ಶ್ರೀನಿವಾಸ್. ನಾನು ರಿಜಿಸ್ಟರ್ ಬಿಚ್ಚಿ ಮೇಜಿನ ಮೇಲಿಟ್ಟೆ.

“ಈ ಹುಡುಗಿ ಓದಿದ್ದು ಸರಿ. ಬರೆದದ್ದು ತಪ್ಪು. ಬರೆದವನು ನಾನು,” ಎಂದೆ.

ಶ್ರೀನಿವಾಸ್ ಕೇಳಿದರು: “ಬದಲಾವಣೆ ಆಗಿದೆ ಎಂದು ನಿಮಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತು. ಓಡಿಸಿಯೂ ನೋಡಿದ್ದೆ.”

“ಮತ್ತೆ ಚೀಟಿ ಎಲ್ಲಿತ್ತು?”

“ನನ್ನ ಮೇಜಿನ ಮೇಲೆ.”

“ಯಾಕೆ?”

“ಹದಿಮೂರನೆಯದು ಬಂದಿರಲಿಲ್ಲ.”

“ಹದಿಮೂರರಲ್ಲಿ ಅಂಥದ್ದೇನಿತ್ತು ಸರ್?” ಎಂದು ಶ್ರೀನಿವಾಸ್ ಕೇಳಿದರು.

“ಬೇರೊಂದು ಆಪ್ಷನ್ನಿಗೆ ಗಿಡ್ಡ ಹೆಸರು ಕೊಟ್ಟಿದ್ದರು. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.”

ಪ್ರಸಾದ್ ಗಾರು ಹಣೆ ಒತ್ತಿಕೊಂಡರು. ನಗು ತಡೆಯುತ್ತಿದ್ದಾರೋ, ಸಿಟ್ಟು ತಡೆಯುತ್ತಿದ್ದಾರೋ ತಿಳಿಯಲಿಲ್ಲ. ಬಹುಶಃ ಎರಡೂ. ಚೈತ್ರಾ ಮಾತ್ರ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಆ ಎರಡು ತಾರೀಕುಗಳನ್ನು ಬೆರಳಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಕುರ್ಚಿಗೆ ಒರಗಿ ಕೂತಳು.

ಪ್ರಸಾದ್ ಗಾರು ಸಿದ್ಧಮಾಡಿದ್ದ ಕಾಗದ ಹರಿದರು. ಹೊಸ ಟಿಪ್ಪಣಿಯಲ್ಲಿ ‘ಆದರೂ ಅವರು ಎಚ್ಚರ ವಹಿಸಬಹುದಿತ್ತು’ ಎಂದು ಸೇರಿಸಲು ಹೊರಟರು. ನಾನು ಬಿಡಲಿಲ್ಲ. ಬರೆಯುವವನು ನಾನು, ನನಗೆ ಕೊಡಿ ಎಂದು ಪೆನ್ನು ತೆಗೆದುಕೊಂಡೆ. ಅಂದೇ ಎಲ್ಲ ಗ್ರಾಹಕರಿಗೂ ಒಂದು ತಿದ್ದೋಲೆ ಹೋಯಿತು. ಅದರಲ್ಲಿ ಕೊನೆಯ ಸಾಲು ಹೀಗಿತ್ತು: ‘ಕೈಪಿಡಿಯಂತೆ ನಡೆದವರದು ತಪ್ಪಲ್ಲ, ತಪ್ಪು ಕೈಪಿಡಿಯದು.’ ಕಂಪನಿಯ ಕಾನೂನಿನವರು ಆ ಸಾಲು ತೆಗೆಯಿರಿ ಎಂದು ಎರಡು ಬಾರಿ ಹೇಳಿದರು. ಸುಭದ್ರಾ ಗಾರು ಎರಡು ಬಾರಿಯೂ, ಬೇಡ, ಇರಲಿ ಎಂದರು. ನಾನು ಬರೆದ ಅಷ್ಟೂ ಪುಟಗಳಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಆ ಸಾಲಿನ ಮೇಲೆ.

ಆಮೇಲೆ ನಾನು ಮತ್ತು ಚೈತ್ರಾ ಅಚ್ಯುತಾಪುರಂಗೆ ಹೋದೆವು. ಕಳೆದ ಟಿಪ್ಪಣಿ ತರಲಾಗಲಿಲ್ಲ, ಆದರೆ ಯಂತ್ರ ನಿಲ್ಲುವ ಕಾರಣವನ್ನಾದರೂ ಹುಡುಕಿಕೊಡಬೇಕಿತ್ತು. ಚೈತ್ರಾ ಒಂದು ಹೊಸ ಖಾಲಿ ಫೋಲ್ಡರ್ ಮಾಡಿ, ಎಲ್ಲ ಹಂತಗಳ ಡಂಪ್ ತೆಗೆದು, ಒಂದರ ಪಕ್ಕ ಒಂದಿಟ್ಟು ಸಾಲು ಸಾಲು ಹೋಲಿಸುತ್ತ ಹೋದಳು. ಎರಡನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ಬೆರಳಿಟ್ಟಳು.

“ಅಂಕಲ್, ಇಲ್ಲಿ ನೋಡಿ. ಈ ಹಂತದಲ್ಲಿ ಸೆನ್ಸರನ್ನ ಎರಡನೇ ಸಲ ಓದೋ ಸಾಲು ಇದೆ. ಮುಂದಿನದ್ರಲ್ಲಿ ಇಲ್ಲ.”

ಆ ಸೆನ್ಸರ್ ತೋರಿಸುವ ಅಂಕಿ ಕ್ಷಣಕ್ಷಣಕ್ಕೂ ಬದಲಾಗುತ್ತದೆಂದು ಪ್ರೋಗ್ರಾಮಿನಲ್ಲಿ ಗುರುತು ಹಾಕಿರಲಿಲ್ಲ. ಒಮ್ಮೆ ಓದಿದ್ದನ್ನು ಮತ್ತೆ ಓದುವುದು ದಂಡ ಎಂದು ಕಂಪೈಲರ್ ಆ ಸಾಲು ಕಿತ್ತುಹಾಕಿತ್ತು. ಶ್ರೀನಿವಾಸ್ ಆ ಗುರುತಿನ ಒಂದು ಪದ ಸೇರಿಸಿದರು, ಯಂತ್ರ ನಡೆಯಿತು. ವಾರ ಕಳೆದರೂ ನಿಲ್ಲಲಿಲ್ಲ. ಶ್ರೀನಿವಾಸ್ ಫೋನು ಮಾಡಿ, “ತಪ್ಪು ಒಪ್ಪಿಕೊಂಡ ಪುಸ್ತಕವನ್ನು ನಾನು ಇದೇ ಮೊದಲು ನೋಡಿದ್ದು. ಮಿಕ್ಕ ಪುಟಗಳನ್ನು ಇನ್ನು ನಂಬುತ್ತೇವೆ,” ಎಂದರು.

ನಿಯಮವನ್ನೂ ಬದಲಿಸಿದೆ. ಏನನ್ನಾದರೂ ಅಳಿಸುವ, ಕೆಡಿಸುವ ಬದಲಾವಣೆಯ ಚೀಟಿ ಬಂದರೆ ಅದು ಯಾರ ದಾರಿಯನ್ನೂ ಕಾಯುವುದಿಲ್ಲ, ಅದೇ ದಿನ ಪುಸ್ತಕಕ್ಕೆ ಹೋಗುತ್ತದೆ. ವೆಬ್‌ಸೈಟಿನಲ್ಲಿ ಸಾಲು ತಿದ್ದಿದರೆ ಅದರ ಕೆಳಗೆ ಹಿಂದೆ ಏನಿತ್ತು, ಯಾವಾಗ ಬದಲಾಯಿತು ಎಂದು ಇರಲೇಬೇಕು. ಮೊನ್ನೆ ಓದಿದವರು ಇಂದು ಸುಳ್ಳುಗಾರರಾಗಬಾರದು. ಈ ಕೆಲಸಕ್ಕೆ ಬರುವ ಮಕ್ಕಳೇ, ಸದ್ದಿಲ್ಲದೆ ತಿದ್ದಬೇಡಿ. ಕ್ರಮ ಒಳ್ಳೆಯದೇ, ನನಗೆ ಅನ್ನ ಹಾಕಿದ್ದೇ ಅದು. ಆದರೆ ಓದುವವರು ಕಾಯುತ್ತಿರುವಾಗ ಕ್ರಮ ಹಿಡಿದು ಕೂತವನಿಗೆ ಬುದ್ಧಿ ಸ್ವಲ್ಪ ಕಡಿಮೆ.

ಚೈತ್ರಾ ಕಾಯಂ ಆದ ದಿನ ಫೋನು ಮಾಡಿದಳು. ಅಪ್ಪ, ಅಮ್ಮ ಇಬ್ಬರೂ ಮಾತಾಡಿದರು. ಕೊನೆಗೆ ಅವಳು, “ಅಂಕಲ್, ಒಂದು ಮಾತು ಹೇಳ್ಲಾ? ಇನ್ನು ಮೇಲೆ ನೀವು ಬರೆದಿದ್ದನ್ನ ನಾನೇ ಓಡಿಸಿ ನೋಡದೆ ಯಾರಿಗೂ ಹೇಳಲ್ಲ. ಬೇಜಾರು ಮಾಡ್ಕೋಬೇಡಿ,” ಎಂದಳು.

ಎದೆಗೆ ಚುರುಕ್ ಎಂದಿತು. ಕಣ್ಣು ಮುಚ್ಚಿ ನಂಬುತ್ತಿದ್ದ ಅಧ್ಯಾಯವಲ್ಲವೇ ಅದು! “ಇಲ್ಲವಾ, ಬ್ಯಾಸರ ಏನಿಲ್ಲ,” ಎಂದೆ. ಇತ್ತು.

ಅವಳು ಹೇಳಿದ್ದನ್ನು ಮಾಡಿದಳು. ಸಮಯ ಸಿಕ್ಕಾಗಲೆಲ್ಲ ಒಂದೊಂದೇ ಆಪ್ಷನ್ ಓಡಿಸಿ, ತಿಂಗಳೊಳಗೆ ನನ್ನ ಅಧ್ಯಾಯದಲ್ಲಿ ಏಳು ತಪ್ಪು ಹುಡುಕಿ ಕಳಿಸಿದಳು. ಏಳಕ್ಕೂ ನನ್ನ ಸಹಿ ಇತ್ತು. ನಾನು ಓಡಿಸಿದಾಗ ನಿಜವಾಗಿದ್ದವು, ಆಮೇಲೆ ಕಂಪೈಲರ್ ಬದಲಾಗಿತ್ತು, ಚೀಟಿ ಬಂದಿರಲಿಲ್ಲ. ಚೀಟಿ ಬಾರದಿದ್ದರೆ ಏನೂ ಬದಲಾಗಿಲ್ಲ ಎಂದು ನಾನು ನಂಬಿ ಕೂತಿದ್ದೆ. ಅವಳು ಯಾರನ್ನೂ ನಂಬದೆ ಓಡಿಸಿ ನೋಡಿದ್ದಳು. ಆ ಪಟ್ಟಿಯನ್ನು ನಾನು ಎಷ್ಟು ಸಲ ಓದಿದೆನೋ! ಮೊದಲ ಸಲ ಓದಿದಾಗ ಮುಖ ಕೆಂಪಾಯಿತು. ಮೂರನೆಯ ಸಲಕ್ಕೆ, ಎಷ್ಟು ಚೆನ್ನಾಗಿ ನೋಡಿದ್ದಾಳೆ ಎಂದು ಎದೆಯುಬ್ಬಿತು.

ನಿವೃತ್ತಿಗೆ ಒಂದು ತಿಂಗಳಿರುವಾಗ ಸುಭದ್ರಾ ಗಾರು ಕರೆದು ಕೂರಿಸಿಕೊಂಡರು.

“ಬಸವರಾಜ್ ಗಾರು, ಆ ಅಧ್ಯಾಯ ನಿಮ್ಮ ಕೂಸು. ನಿಮ್ಮ ಮೇಲೆ ಪೂರ್ತಿ ನಂಬಿಕೆ ಇರುವವರ ಕೈಗೇ ಕೊಡೋಣ. ಇಲ್ಲಿ ಮೂವರಿದ್ದಾರೆ. ಯಾರಿಗೆ ಕೊಡಲಿ?”

“ಆ ಮೂವರೂ ಬೇಡ ಮೇಡಂ,” ಎಂದೆ. “ವಿಜಯವಾಡದಲ್ಲಿ ಒಬ್ಬಳಿದ್ದಾಳೆ. ಅವಳಿಗೆ ನನ್ನ ಮೇಲೆ ಒಂದು ಚೂರೂ ನಂಬಿಕೆಯಿಲ್ಲ. ಅವಳಿಗೆ ಕೊಡಿ.”